ವಿದ್ಯಾರ್ಥಿಯ ಬಿಡಾರದ ಪ್ರಶ್ನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಹೇಳಿದರು. ಅವರ ಕಾಲದಲ್ಲಿ ಹಳ್ಳಿಯ ಹುಡುಗರು ಪದವಿ ಓದಲು ಪಟ್ಟಣಕ್ಕೆ ಹೋಗುವುದು ಅಪರೂಪವಾಗಿತ್ತು. ಇಲ್ಲವಾಗಿದ್ದರೆ ‘ಕೋಣೆ ಹುಡುಕಿ ನೋಡು’ ಎಂಬ ಮೂರನೆಯ ಮಾತನ್ನೂ ಅವರು ಸೇರಿಸದೆ ಇರುತ್ತಿರಲಿಲ್ಲ. ಕಾಲೇಜಿಗೆ ಹೆಸರು ಹಚ್ಚುವುದು ಒಂದು ದಿನದ ಕೆಲಸ. ಆ ಕಾಲೇಜಿನ ಊರಿನಲ್ಲಿ, ಬಡವನ ಕೈಗೆಟುಕುವ ಬಾಡಿಗೆಯಲ್ಲಿ, ಮೂರು ವರ್ಷ ತಲೆಯೂರಿ ಓದಲು ಒಂದು ಜಾಗವನ್ನು ಸಂಪಾದಿಸುವುದು ಮಾತ್ರ ಅಷ್ಟು ಸುಲಭವಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನು. ಈ ವರ್ಷ ಬಿ.ಎ. ಮುಗಿಸುತ್ತಿದ್ದೇನೆ. ಮುಂದೆ ಬರುವ ತಮ್ಮ ತಂಗಿಯರಿಗೆ ಉಪಯೋಗವಾಗಲೆಂದು, ರಾಯಚೂರಿನಲ್ಲಿ ವಿದ್ಯಾರ್ಥಿಯ ಬಿಡಾರದ ಪ್ರಶ್ನೆಯನ್ನು ಇಲ್ಲಿ ಸ್ವಲ್ಪ ವಿಚಾರ ಮಾಡಬಯಸುತ್ತೇನೆ.

ನಮ್ಮ ತರಗತಿಗಳಲ್ಲಿ ದೇವದುರ್ಗ ಮತ್ತು ಮಾನ್ವಿಯ ಕಡೆಯವರು ಅನೇಕರಿದ್ದಾರೆ. ಎರಡೂ ಊರುಗಳು ರಾಯಚೂರಿನಿಂದ ಸುಮಾರು 50 ಕಿಲೋಮೀಟರುಗಳ ಆಚೀಚೆ ಇವೆ. ಅಲ್ಲಿಯೂ ಈಗ ಪದವಿ ಕಾಲೇಜುಗಳಿವೆ. ಆದರೂ ಬೇಕಾದ ವಿಷಯಗಳಿಗಾಗಿ, ದೊಡ್ಡ ಗ್ರಂಥಾಲಯಕ್ಕಾಗಿ, ಸ್ಪರ್ಧಾತ್ಮಕ ಪರೀಕ್ಷೆಗಳ ಸಿದ್ಧತೆಗಾಗಿ ಜಿಲ್ಲೆಯ ಮುಖ್ಯ ಪಟ್ಟಣಕ್ಕೆ ಬರುವವರು ಬರುತ್ತಲೇ ಇದ್ದಾರೆ. ಇವರ ಮನೆಗಳ ಆದಾಯ ಎಂತಹದೆಂಬುದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಪ್ರಾದೇಶಿಕ ಅಸಮತೋಲನವನ್ನು ಕುರಿತು ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ದೇವದುರ್ಗವು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿತ್ತು. 2018ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಆರಿಸಲ್ಪಟ್ಟವು ರಾಯಚೂರು ಮತ್ತು ಯಾದಗಿರಿ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನೌಕರದಾರರ ಮನೆಗೆ ಹಣ ತಿಂಗಳಿಗೊಮ್ಮೆ ಬರುತ್ತದೆ. ಒಕ್ಕಲಿಗನ ಮನೆಗೆ ಸುಗ್ಗಿಗೊಮ್ಮೆ ಬರುತ್ತದೆ. ಹತ್ತಿ ಬಿಡಿಸಿ, ಭತ್ತ ಒಕ್ಕಿ, ಗಂಜಿಗೆ ತಂದು ಮಾರಿ, ಸಾಲದವರ ಲೆಕ್ಕ ತೀರಿಸಿದ ಮೇಲೆ ಉಳಿದದ್ದು ಮಗನ ಓದಿಗೆ. ಬಾಡಿಗೆಯಾದರೋ ತಿಂಗಳು ತಿಂಗಳೂ ಐದನೆಯ ತಾರೀಖಿನೊಳಗೆ ಎಣಿಸಿ ಕೊಡಬೇಕು. ಭೂಮಿಯಿಲ್ಲದವರ ಸ್ಥಿತಿ ಇನ್ನೂ ಕಷ್ಟ. ಅವರು ಬೆಂಗಳೂರು, ಪುಣೆಗಳ ಕಡೆಗೆ ಗುಳೆ ಹೋಗಿ, ಅಲ್ಲಿ ಎದ್ದು ನಿಲ್ಲುವ ಅಂತಸ್ತು ಅಂತಸ್ತಿನ ಕಟ್ಟಡಗಳಿಗೆ ಇಟ್ಟಿಗೆ ಮರಳು ಹೊರುತ್ತಾರೆ. ತಾವು ತಗಡಿನ ಶೆಡ್ಡಿನಲ್ಲಿ ಮಲಗುತ್ತಾರೆ. ನೂರಾರು ಮನೆಗಳನ್ನು ಕಟ್ಟಿದ ತಂದೆಯ ಮಗನಿಗೆ ರಾಯಚೂರಿನಲ್ಲಿ ಹತ್ತಡಿಯ ಕೋಣೆಯೊಂದು ದೊರೆಯದಿದ್ದರೆ ಅದನ್ನು ಏನೆಂದು ಹೇಳಬೇಕು?

ಓದುವವನಿಗೆ ಇರಲು ಜಾಗ ಬೇಕೆಂಬ ಪ್ರಶ್ನೆ ಹೊಸದಲ್ಲ. ಹಿಂದೆ ‘ವಾರಾನ್ನ’ವೆಂಬ ಪದ್ಧತಿಯಿತ್ತು, ಬಡ ವಿದ್ಯಾರ್ಥಿಯು ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದುತ್ತಿದ್ದನು. ಆದರೆ ಆ ಮನೆಗಳ ಬಾಗಿಲು ಎಲ್ಲ ಜಾತಿಯವರಿಗೂ ತೆರೆದಿರಲಿಲ್ಲ. ಈ ಕೊರತೆಯನ್ನು ಬೇಗ ಕಂಡುಕೊಂಡವರಲ್ಲಿ ಕೊಲ್ಲಾಪುರದ ಶಾಹು ಮಹಾರಾಜರು ಒಬ್ಬರು. 1901ರಲ್ಲಿ ಅಲ್ಲಿ ವಿಕ್ಟೋರಿಯಾ ಮರಾಠಾ ಬೋರ್ಡಿಂಗ್ ಸ್ಥಾಪನೆಯಾಯಿತು. ಅದರ ಹಿಂದೆಯೇ ಬೇರೆ ಬೇರೆ ಸಮಾಜಗಳಿಗಾಗಿ ವಿದ್ಯಾರ್ಥಿನಿಲಯಗಳು ಹುಟ್ಟಿದವು. ನಮ್ಮ ರಾಯಚೂರು 1948ರವರೆಗೆ ನಿಜಾಮರ ಆಡಳಿತದಲ್ಲಿತ್ತು. ಆಗಿನ ವಿಶ್ವವಿದ್ಯಾನಿಲಯವೆಂದರೆ 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ, ಬೋಧನೆ ಉರ್ದುವಿನಲ್ಲಿ. ಕನ್ನಡ ಜಿಲ್ಲೆಯ ಹುಡುಗನಿಗೆ ಭಾಷೆ ಪರದೇಶ, ಊರೂ ಪರದೇಶ. ಆ ಊರಿನಲ್ಲಿಯೂ ಹಳ್ಳಿಯ ಮಕ್ಕಳಿಗಾಗಿ ರೆಡ್ಡಿ ಹಾಸ್ಟೆಲ್ ಅದೇ 1918ರಲ್ಲಿಯೇ ಆರಂಭವಾದುದು ಅರ್ಥಪೂರ್ಣವಾಗಿದೆ. ಈಚೆ ಕರ್ನಾಟಕದಲ್ಲಿ ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗಾ ಮಠ ಮೊದಲಾದವು ಅನ್ನ ಮತ್ತು ಆಶ್ರಯಗಳನ್ನು ಒಟ್ಟಿಗೆ ಕೊಟ್ಟವು.

ಸ್ವಾತಂತ್ರ್ಯಾನಂತರ ಈ ಭಾರದ ದೊಡ್ಡ ಭಾಗವನ್ನು ಸರ್ಕಾರ ಹೊತ್ತಿತು. 1972ರಲ್ಲಿ ನೇಮಕವಾದ ಎಲ್. ಜಿ. ಹಾವನೂರರ ಆಯೋಗವು 1975ರಲ್ಲಿ ವರದಿ ಸಲ್ಲಿಸಿತು. ದೇವರಾಜ ಅರಸರ ಆ ಕಾಲದಿಂದ ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಗಳು ಹಬ್ಬಿದವು. ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರು-ಕೇರಿ’ಯನ್ನು ಓದಿದವರಿಗೆ ಬೆಂಗಳೂರಿನ ಗೋಪಾಲಪುರದ ವಿದ್ಯಾರ್ಥಿನಿಲಯ ನೆನಪಿರುತ್ತದೆ, ಒಂದು ತಲೆಮಾರು ಅಂತಹ ನಿಲಯಗಳಲ್ಲಿಯೇ ಓದಿ, ವಾದಿಸಿ, ಬರೆದು ಬೆಳೆಯಿತು. ಈ ಚರಿತ್ರೆಯಿಂದ ತಿಳಿಯಬೇಕಾದುದು ಇಷ್ಟೆ: ವಿದ್ಯೆಯನ್ನು ಬಡವರಿಗೆ ಮುಟ್ಟಿಸಬೇಕೆಂದು ಮನಸಾರೆ ಬಯಸಿದವರೆಲ್ಲರೂ ಶಾಲೆಯ ಬಾಗಿಲಿನ ಜೊತೆಗೆ ಬಿಡಾರದ ಬಾಗಿಲನ್ನೂ ತೆರೆದಿದ್ದಾರೆ. ಒಂದನ್ನು ತೆರೆದು ಇನ್ನೊಂದನ್ನು ಮುಚ್ಚಿದರೆ ಮೊದಲನೆಯದೂ ಮುಚ್ಚಿದಂತೆಯೇ.

ಆದ್ದರಿಂದ ರಾಯಚೂರಿಗೆ ಬರುವ ವಿದ್ಯಾರ್ಥಿಯು ಕೋಣೆ ಹುಡುಕುವುದಕ್ಕೆ ಮೊದಲು ಸರ್ಕಾರಿ ವಿದ್ಯಾರ್ಥಿನಿಲಯವನ್ನು ಪ್ರಯತ್ನಿಸಬೇಕು. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ, ಈ ನಾಲ್ಕು ಇಲಾಖೆಗಳೂ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳನ್ನು ನಡೆಸುತ್ತವೆ. ಬಾಲಕರಿಗೂ ಬಾಲಕಿಯರಿಗೂ ಪ್ರತ್ಯೇಕ ನಿಲಯಗಳಿರುತ್ತವೆ. ಅಲ್ಲಿ ಊಟ, ವಸತಿ ಎರಡೂ ಉಚಿತ. ಅರ್ಜಿಯನ್ನು ಪ್ರತಿವರ್ಷ ಶೈಕ್ಷಣಿಕ ವರ್ಷಾರಂಭದಲ್ಲಿ ಆನ್‌ಲೈನ್ ಮೂಲಕ ಕರೆಯುತ್ತಾರೆ. ಇದಕ್ಕೆ ಬೇಕಾದ ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳು ಹೋಬಳಿಯ ನಾಡಕಚೇರಿಯಲ್ಲಿ ದೊರೆಯುತ್ತವೆ. ದ್ವಿತೀಯ ಪಿ.ಯು.ಸಿ. ಪರೀಕ್ಷೆ ಮುಗಿದ ಬೇಸಿಗೆಯ ರಜೆಯಲ್ಲಿಯೇ ಇವನ್ನು ತೆಗೆಸಿಟ್ಟುಕೊಳ್ಳುವುದು ಜಾಣತನ. ಆಧಾರ್ ಕಾರ್ಡಿನಲ್ಲಿಯೂ ಅಂಕಪಟ್ಟಿಯಲ್ಲಿಯೂ ಹೆಸರಿನ ಅಕ್ಷರಗಳು ಒಂದೇ ತರಹ ಇವೆಯೇ, ಬ್ಯಾಂಕಿನ ಖಾತೆ ಆಧಾರಿಗೆ ಜೋಡಣೆಯಾಗಿದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಬೇಕು. ಓದಿದವರಿರುವ ಮನೆಗಳಲ್ಲಿ ಇದನ್ನೆಲ್ಲ ಅಣ್ಣನೋ ಮಾವನೋ ಹೇಳಿಕೊಡುತ್ತಾರೆ. ಹೆಬ್ಬೆಟ್ಟೊತ್ತುವ ತಂದೆಯ ಮನೆಯಲ್ಲಿ ಹೇಳುವವರಾರು? ಕೊನೆಯ ತಾರೀಖು ದಾಟಿಹೋದುದೇ ತಿಳಿಯುವುದಿಲ್ಲ.

ನಿಲಯಗಳಲ್ಲಿ ಸ್ಥಾನಗಳು ಕಡಮೆ, ಅರ್ಜಿಗಳು ಹೆಚ್ಚು. ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಲ್ಲಿ ಹೀಗೆ ಸ್ಥಾನ ದೊರೆಯದವರಿಗಾಗಿ 2013-14ರಲ್ಲಿ ರಾಜ್ಯ ಸರ್ಕಾರವು ‘ವಿದ್ಯಾಸಿರಿ’ ಎಂಬ ಊಟ ಮತ್ತು ವಸತಿ ಸಹಾಯ ಯೋಜನೆಯನ್ನು ತಂದಿತು. ಆರಂಭದಲ್ಲಿ ಗೊತ್ತುಮಾಡಿದ ಮೊತ್ತ ತಿಂಗಳಿಗೆ 1,500 ರೂಪಾಯಿ, ವರ್ಷಕ್ಕೆ ಹತ್ತು ತಿಂಗಳು, ಅಂದರೆ ಒಟ್ಟು 15,000 ರೂಪಾಯಿ. ಮೊತ್ತವನ್ನೂ ನಿಬಂಧನೆಗಳನ್ನೂ ಆಯಾ ವರ್ಷದ ಪ್ರಕಟಣೆಯಲ್ಲಿಯೇ ನೋಡಿಕೊಳ್ಳಬೇಕು. ಇದರ ಲೆಕ್ಕವನ್ನು ಮಾತ್ರ ಎಚ್ಚರಿಕೆಯಿಂದ ಹಾಕಬೇಕು. ಸಹಾಯಧನ ಹತ್ತು ತಿಂಗಳಿನದು. ಕೋಣೆಯನ್ನು ಹಿಡಿದಿಟ್ಟುಕೊಂಡರೆ ಬಾಡಿಗೆ ಹನ್ನೆರಡು ತಿಂಗಳಿನದು. 15,000ವನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 1,250 ಆಗುತ್ತದೆ. ಇದಲ್ಲದೆ ಹಣವು ಖಾತೆಗೆ ಜಮೆಯಾಗುವ ದಿನವೂ ಮಾಲಕರು ಬಾಡಿಗೆ ಕೇಳುವ ದಿನವೂ ಒಂದೇ ಆಗಿರುವುದಿಲ್ಲ. ಆದಕಾರಣ ಮೊದಲ ಕೆಲವು ತಿಂಗಳ ಖರ್ಚನ್ನು ಬೇರೆಯಾಗಿ ಹೊಂದಿಸಿಕೊಂಡೇ ಬರಬೇಕು.

ಎರಡನೆಯ ದಾರಿ, ಊರಿನಲ್ಲಿಯೇ ಇದ್ದು ದಿನವೂ ಬಸ್ಸಿನಲ್ಲಿ ಓಡಾಡುವುದು. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಜಾರಿಗೆ ಬಂದು, ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಬಾಲಕರಿಗೆ ರಿಯಾಯಿತಿಯ ಪಾಸುಗಳಿವೆ. ಕೋಣೆಯ ಬಾಡಿಗೆಗೆ ಅಂಜಿ ಮಗಳ ಓದನ್ನು ನಿಲ್ಲಿಸುತ್ತಿದ್ದ ಮನೆಗಳಿಗೆ ಇದರಿಂದ ದೊಡ್ಡ ಉಪಕಾರವಾಗಿದೆ. ಆದರೆ ಬಸ್ಸು ಪುಕ್ಕಟೆಯಾದರೂ ಹೊತ್ತು ಪುಕ್ಕಟೆಯಲ್ಲ. ಹೋಗಲು ಒಂದೂವರೆ ತಾಸು, ಬರಲು ಒಂದೂವರೆ ತಾಸು ಎಂದಿಟ್ಟುಕೊಂಡರೆ ದಿನಕ್ಕೆ ಮೂರು ತಾಸು. ತಿಂಗಳಿಗೆ 24 ದಿನ ಕಾಲೇಜಾದರೆ 72 ತಾಸು, ಅಂದರೆ ಮೂರು ಹಗಲು ಮೂರು ರಾತ್ರಿಗಳು ದಾರಿಯಲ್ಲಿಯೇ ಕಳೆದವು. ತಾಲ್ಲೂಕು ಊರಿನಿಂದ ಒಳಗಿರುವ ಹಳ್ಳಿಯವರಿಗೆ ಇನ್ನೊಂದು ಬಸ್ಸನ್ನು ಕಾಯಬೇಕು. ಸಂಜೆಯ ಕಡೆಯ ಬಸ್ಸು ಯಾವಾಗ ಹೊರಡುತ್ತದೆಯೋ ಅದೇ ಅವರ ವೇಳಾಪಟ್ಟಿ. ಮಧ್ಯಾಹ್ನದ ತರಗತಿ, ಗ್ರಂಥಾಲಯ, ಆಟದ ಮೈದಾನ ಇವು ಅವರ ಪಾಲಿಗೆ ಇದ್ದೂ ಇಲ್ಲದಂತೆ.

ಮೂರನೆಯ ದಾರಿಯೇ ಬಾಡಿಗೆಯ ಕೋಣೆ. ಹಳಬರ ಬಾಯಲ್ಲಿ ‘ಕಿರಾಯಿ ರೂಮು’. ರಾಯಚೂರಿನಲ್ಲಿ ಹಳೆಯ ವಸತಿ ಕೋಟೆಯ ಸುತ್ತ ಹಬ್ಬಿದೆ. ಅಂದ್ರೂನ್ ಕಿಲ್ಲಾ ಎಂದರೆ ಕೋಟೆಯ ಒಳಗಣದು, ಬೇರೂನ್ ಕಿಲ್ಲಾ ಎಂದರೆ ಹೊರಗಣದು. ಇಂತಹ ಹಳೆಯ ಓಣಿಗಳಲ್ಲಿ ದೊಡ್ಡ ಮನೆಗಳ ಒಂದು ಪಕ್ಕದ ಕೋಣೆಗಳು ಬಾಡಿಗೆಗೆ ದೊರೆಯುವುದುಂಟು. ನಿಜಲಿಂಗಪ್ಪ ಕಾಲೋನಿಯಂತಹ ಹೊಸ ಬಡಾವಣೆಗಳಲ್ಲಿ ಮಾಳಿಗೆಯ ಮೇಲೆ ಕಟ್ಟಿದ ಒಂಟಿ ಕೋಣೆಗಳಿರುತ್ತವೆ. ಹುಡುಕುವ ಉತ್ತಮ ಕಾಲವೆಂದರೆ ಹಿಂದಿನ ತಂಡದವರು ಪರೀಕ್ಷೆ ಮುಗಿಸಿ ಊರಿಗೆ ಹೊರಡುವ ದಿನಗಳು. ಉತ್ತಮ ದಲ್ಲಾಳಿ ಹಿರಿಯ ವಿದ್ಯಾರ್ಥಿಯೇ. ಅವನು ದಲಾಲಿ ಕೇಳುವುದಿಲ್ಲ, ಮೇಲಾಗಿ ಮಾಲಕರ ಸ್ವಭಾವವನ್ನೂ ನೀರು ಬರುವ ವೇಳೆಯನ್ನೂ ಹೇಳುತ್ತಾನೆ.

ಬಾಡಿಗೆ ಕಡಮೆಯಿದ್ದ ಕೋಣೆಯೇ ಅಗ್ಗದ ಕೋಣೆಯೆಂದು ನಂಬಬಾರದು. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಕಾಲೇಜಿನ ಹತ್ತಿರದ ಕೋಣೆಗೆ 3,600 ರೂಪಾಯಿ, ಊರ ಹೊರಗಿನದಕ್ಕೆ 2,400 ರೂಪಾಯಿ ಎಂದಿರಲಿ. ಮೂವರು ಹಂಚಿಕೊಂಡರೆ ಹತ್ತಿರದ್ದು ತಲೆಗೆ 1,200, ದೂರದ್ದು 800. ದೂರದವನು ಹೋಗುವಾಗ ಹತ್ತು, ಬರುವಾಗ ಹತ್ತು ರೂಪಾಯಿ ಆಟೋಗೆ ಕೊಟ್ಟರೆ 24 ದಿನಕ್ಕೆ 480 ರೂಪಾಯಿ. ಕೂಡಿಸಿದರೆ 1,280 ಆಯಿತು. ಅಗ್ಗವೆಂದು ಹಿಡಿದದ್ದು 80 ರೂಪಾಯಿ ತುಟ್ಟಿಯಾಯಿತು! ವಿದ್ಯುತ್ತಿನ ಬಿಲ್ಲು ಬಾಡಿಗೆಯೊಳಗೆ ಸೇರಿದೆಯೇ, ಪ್ರತ್ಯೇಕ ಮೀಟರು ಇದೆಯೇ, ನೀರಿಗೆ ಬೇರೆ ಕೊಡಬೇಕೇ, ರಜೆಯ ತಿಂಗಳ ಬಾಡಿಗೆಯನ್ನು ಬಿಡುತ್ತಾರೆಯೇ ಎಂಬುದನ್ನೂ ಮೊದಲೇ ಕೇಳಿ ಕೂಡಿಸಿಕೊಳ್ಳಬೇಕು.

ಕೋಣೆಯನ್ನು ಎರಡು ಹೊತ್ತಿನಲ್ಲಿ ನೋಡುವುದು ಒಳ್ಳೆಯದು. ನಡುಹಗಲಿನಲ್ಲಿ ನೋಡಿದರೆ ಬಿಸಿಲು ತಿಳಿಯುತ್ತದೆ. ನಮ್ಮ ಜಿಲ್ಲೆಯಲ್ಲಿ ಬೇಸಿಗೆಯ ತಾಪ 40 ಡಿಗ್ರಿಯನ್ನು ದಾಟುತ್ತದೆ; ತಗಡಿನ ಹೊದಿಕೆಯ ಕೋಣೆಯಲ್ಲಿ ಪರೀಕ್ಷೆಯ ದಿನಗಳಲ್ಲಿ ಕೂತು ಓದುವುದು ಕಾದ ಹಂಚಿನ ಮೇಲೆ ಕೂತಂತೆ. ಮುಂಜಾನೆ ನೋಡಿದರೆ ನೀರು ತಿಳಿಯುತ್ತದೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುವ ಜಿಲ್ಲೆಯಿದು. ಆದರೂ 2022ರ ಮೇ-ಜೂನ್ ತಿಂಗಳುಗಳಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಹಾಸಿಗೆ ಹಿಡಿದರು, ಸಾವುಗಳೂ ಸಂಭವಿಸಿದವು. ಕುಡಿಯುವ ನೀರು ಎಲ್ಲಿಂದ ಬರುತ್ತದೆ, ತೊಟ್ಟಿಯನ್ನು ಯಾವಾಗ ತೊಳೆದಿದ್ದಾರೆ ಎಂದು ಕೇಳಲು ನಾಚಿಕೆಪಡಬೇಕಾಗಿಲ್ಲ.

ಕರಾರಿನ ವಿಷಯವಾಗಿ ಒಂದೆರಡು ಮಾತು. ಬಾಡಿಗೆಯ ಕರಾರನ್ನು ಸಾಮಾನ್ಯವಾಗಿ ಹನ್ನೊಂದು ತಿಂಗಳಿಗೆ ಬರೆಯುತ್ತಾರೆ. ಹನ್ನೆರಡಕ್ಕೇಕಲ್ಲ ಎಂದು ಅನೇಕರಿಗೆ ಸೋಜಿಗ. 1908ರ ನೋಂದಣಿ ಕಾಯಿದೆಯ ಪ್ರಕಾರ ಒಂದು ವರ್ಷವನ್ನು ಮೀರಿದ ಅಥವಾ ವರ್ಷದಿಂದ ವರ್ಷಕ್ಕೆ ನಡೆಯುವ ಗುತ್ತಿಗೆಯ ಪತ್ರವನ್ನು ಕಡ್ಡಾಯವಾಗಿ ನೋಂದಾಯಿಸಬೇಕಾಗುತ್ತದೆ. ಆ ಖರ್ಚನ್ನೂ ಓಡಾಟವನ್ನೂ ತಪ್ಪಿಸಲು ಈ ಹನ್ನೊಂದರ ರೂಢಿ. ಮುಂಗಡದ ಹಣಕ್ಕೆ ಒಂದು ಮಿತಿಯಿರಬೇಕೆಂಬ ವಿಚಾರವೂ ನಡೆದಿದೆ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯನ್ನು ಮೀರಿ ಮುಂಗಡ ಪಡೆಯಕೂಡದೆಂದಿದೆ. ಆದರೆ ಅದು ಮಾದರಿ ಮಾತ್ರ. ರಾಜ್ಯಗಳು ತಮ್ಮ ಕಾಯಿದೆಯಾಗಿ ಮಾಡಿಕೊಂಡಲ್ಲಿ ಮಾತ್ರ ಅದಕ್ಕೆ ಬಲ. ವಿದ್ಯಾರ್ಥಿಗಳ ಕೋಣೆಗಳು ಬಹುಮಟ್ಟಿಗೆ ಬಾಯಿಮಾತಿನ ಮೇಲೆಯೇ ನಡೆಯುತ್ತವೆ. ಅಂತಹ ಕಡೆಯಲ್ಲಿಯೂ ಮುಂಗಡ ಎಷ್ಟು, ಬಿಡುವ ಮುಂಚೆ ಎಷ್ಟು ದಿನ ತಿಳಿಸಬೇಕು, ಸುಣ್ಣಬಣ್ಣಕ್ಕೆ ಎಷ್ಟು ಮುರಿದುಕೊಳ್ಳುತ್ತಾರೆ ಎಂಬ ಮೂರು ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿದರೆ ಮುಂದೆ ಮನಸ್ತಾಪವಿಲ್ಲ. ಜೊತೆಗಾರರ ನಡುವೆಯೂ ಯಾರು ಎಷ್ಟು ಮುಂಗಡ ಹಾಕಿದರೆಂಬ ಚೀಟಿ ಇರಲಿ; ನಡುವರ್ಷದಲ್ಲಿ ಒಬ್ಬನು ಬಿಟ್ಟುಹೋದಾಗ ಅನೇಕ ಗೆಳೆತನಗಳು ಮುರಿಯುವುದು ಇಲ್ಲಿಯೇ.

ಊಟದ ಲೆಕ್ಕವೂ ಬಾಡಿಗೆಯ ಲೆಕ್ಕದ ತಮ್ಮನೇ. ನಮ್ಮ ಕಡೆಯಲ್ಲಿ ಊರಿನ ಬಸ್ಸಿನಲ್ಲಿ ಬುತ್ತಿ ಕಳುಹಿಸುವ ಪದ್ಧತಿಯೊಂದಿದೆ. ತಾಯಿ ನಸುಕಿನಲ್ಲಿ ಬಡಿದ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪಲ್ಯ ಇವುಗಳ ಗಂಟು ಕಂಡಕ್ಟರರ ದಯದಿಂದ ಹೊತ್ತೇರುವಷ್ಟರಲ್ಲಿ ರಾಯಚೂರಿನ ಬಸ್ ನಿಲ್ದಾಣಕ್ಕೆ ಬರುತ್ತದೆ. ಆದುದರಿಂದ ಅನೇಕರು ತಮ್ಮೂರಿನ ಬಸ್ಸು ನಿಲ್ಲುವ ಜಾಗಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಕೋಣೆ ಹಿಡಿಯುತ್ತಾರೆ. ಬುತ್ತಿಯ ಅನುಕೂಲವಿಲ್ಲದವರಿಗೆ ಖಾನಾವಳಿಯಿದೆ. ಸೇರಿ ಅಡಿಗೆ ಮಾಡಿಕೊಳ್ಳುವುದಿದ್ದರೆ ಮಾಲಕರ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು.

ಇಷ್ಟೆಲ್ಲ ಜಾಣತನದಿಂದ ಹುಡುಕಿದರೂ ಒಂದು ಬಾಗಿಲು ಉಳಿಯುತ್ತದೆ. “ಯಾವೂರು ತಮ್ಮಾ? ಎಷ್ಟು ಮಂದಿ ಇರ್ತೀರಿ?” ಎಂಬವರೆಗೆ ಮಾತು ಸರಾಗವಾಗಿ ನಡೆಯುತ್ತದೆ. ಆಮೇಲೆ ಬರುವ ಪ್ರಶ್ನೆ: “ನೀವು ಯಾರ ಪೈಕಿ?” ಉತ್ತರ ಹೇಳಿದ ಮೇಲೆ, “ರೂಮು ನಿನ್ನೆನೇ ಬೇರೆಯವರಿಗೆ ಮಾತಾಗ್ಯದ” ಎಂಬ ನುಡಿಯನ್ನು ನಮ್ಮಲ್ಲಿ ಎಷ್ಟೋ ಮಂದಿ ಕೇಳಿಬಂದಿದ್ದಾರೆ. ಕೆಲವರಿಗೆ ಜಾತಿಯಿಂದ, ಕೆಲವರಿಗೆ ಧರ್ಮದಿಂದ ಈ ಅನುಭವವಾಗುತ್ತದೆ. ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಗೊಳಿಸಿ ಎಪ್ಪತ್ತೈದು ವರ್ಷಗಳು ಕಳೆದಿವೆ. ರಾಜ್ಯಶಾಸ್ತ್ರದ ಪತ್ರಿಕೆಯಲ್ಲಿ ಅದರ ಮೇಲೆ ಉತ್ತರ ಬರೆದು ಒಳ್ಳೆಯ ಅಂಕ ಗಳಿಸಿದವನೇ ಆ ಸಂಜೆ ಹೊಸ್ತಿಲಿನ ಹೊರಗೆ ನಿಲ್ಲಬೇಕಾಗುವುದು ನಮ್ಮ ಪಟ್ಟಣಕ್ಕೆ ಶೋಭೆಯಲ್ಲ. ಮಾಲಕರಿಗೂ ತಮ್ಮ ಚಿಂತೆಗಳಿವೆ. ಗದ್ದಲ, ಬಾಕಿ ಬಾಡಿಗೆ, ನೀರಿನ ಖರ್ಚು ಇವುಗಳ ಬಗೆಗೆ ಅವರು ಕೇಳಲಿ, ನಿಯಮ ಹಾಕಲಿ. ಆದರೆ ಈ ಯಾವುದಕ್ಕೂ ಹುಟ್ಟಿನ ಪ್ರಶ್ನೆಯಲ್ಲಿ ಉತ್ತರವಿಲ್ಲ.

ವಿದ್ಯಾರ್ಥಿನಿಯರ ಕಷ್ಟ ಇನ್ನೊಂದು ಬಗೆಯದು. ಹುಡುಗನಿಗೆ ಕೋಣೆ ಸಿಗದಿದ್ದರೆ ಕೆಲವು ದಿನ ಗೆಳೆಯನ ಕೋಣೆಯಲ್ಲಿ ಚಾಪೆ ಹಾಸಿಯಾನು. ಹುಡುಗಿಗೆ ನಿಲಯದಲ್ಲಿ ಸ್ಥಾನ ದೊರೆಯದಿದ್ದರೆ ಮನೆಯವರು ಎರಡನೆಯ ದಾರಿ ಹುಡುಕುವುದಿಲ್ಲ, ವರನನ್ನು ಹುಡುಕುತ್ತಾರೆ. ಒಂದು ಹಾಸಿಗೆಯ ಜಾಗ ಸಿಗದುದರಿಂದ ಒಂದು ಜೀವನದ ದಿಕ್ಕೇ ಬದಲಾಗುತ್ತದೆ. ಬಿಡಾರದ ಪ್ರಶ್ನೆಯನ್ನು ಸಣ್ಣ ಪ್ರಶ್ನೆಯೆಂದು ತಿಳಿಯುವವರು ಇದನ್ನು ವಿಚಾರಿಸಬೇಕು.

ಪದವಿಯ ನಂತರ ಕಲಬುರಗಿ, ಧಾರವಾಡ, ಬೆಂಗಳೂರುಗಳಿಗೆ ಹೋಗುವವರಿಗೂ ಈ ಲೆಕ್ಕವೇ ದಾರಿ. ಅಂಕಿಗಳು ಮಾತ್ರ ದೊಡ್ಡವು. ಧಾರವಾಡದ ಸಪ್ತಾಪುರ, ಬೆಂಗಳೂರಿನ ವಿಜಯನಗರ ಇವು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಂದ ತುಂಬಿವೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಬಹುಕಾಲದಿಂದ ಇದೆ. ತಿಂಗಳಿಗೆ 8,000 ರೂಪಾಯಿಯ ಮನೆಯೆಂದರೆ 80,000 ರೂಪಾಯಿ ಮೊದಲೇ ಎಣಿಸಬೇಕು; ಅಷ್ಟು ಹಣ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಒಟ್ಟಿಗೆ ಕಂಡದ್ದೇ ಇಲ್ಲ. ಆದಕಾರಣ ಅಲ್ಲಿ ಬಡ ವಿದ್ಯಾರ್ಥಿಗೆ ಊಟ ಸಹಿತವಾದ ಪಿ.ಜಿ.ಗಳೇ ಗತಿ. ಅಲ್ಲಿಯೂ ಒಂದು ಕೋಣೆಯಲ್ಲಿ ಎಷ್ಟು ಮಂದಿ, ಬಿಡುವಾಗ ಎಷ್ಟು ಹಣ ಹಿಂದಿರುಗುತ್ತದೆ ಎಂಬುದನ್ನು ಕೇಳಿ ಬರೆಸಿಕೊಂಡೇ ಹಣ ಕೊಡಬೇಕು.

ಈ ತೊಂದರೆಗೆ ಕೆಲವು ಪರಿಹಾರಗಳು ನಮ್ಮ ಕೈಯಲ್ಲಿಯೇ ಇವೆ. ಪ್ರತಿವರ್ಷ ಊರಿಗೆ ಹೊರಡುವ ಅಂತಿಮ ವರ್ಷದವರು ತಮ್ಮ ಕೋಣೆಯ ವಿವರವನ್ನು, ಅಂದರೆ ಓಣಿ, ಬಾಡಿಗೆ, ಮುಂಗಡ, ನೀರು, ಮಾಲಕರ ನಿಯಮ ಇವುಗಳನ್ನು, ಮಾಲಕರ ಒಪ್ಪಿಗೆ ಪಡೆದು ಒಂದು ವಹಿಯಲ್ಲಿ ಬರೆದಿಟ್ಟು ಹೋಗಲಿ. ಆ ವಹಿ ಗ್ರಂಥಾಲಯದ ಮೇಜಿನ ಮೇಲಿರಲಿ. ಹೆಸರು ಹಚ್ಚುವ ದಿನಗಳಲ್ಲಿ ಹಿರಿಯ ವಿದ್ಯಾರ್ಥಿಗಳಿಬ್ಬರು ಕುಳಿತು ವಿದ್ಯಾರ್ಥಿನಿಲಯದ ಅರ್ಜಿ ತುಂಬಿಸಿಕೊಡಲಿ. ನಮ್ಮ ಗುರುಗಳು ಒಂದು ಮಾತು ಹೇಳಿದರೆ ಹಿಂಜರಿಯುವ ಮಾಲಕರೂ ಬಾಗಿಲು ತೆರೆಯುವುದುಂಟು. ಇದಕ್ಕೆಲ್ಲ ಹೆಚ್ಚು ಖರ್ಚಿಲ್ಲ. ಸ್ಥಾನಗಳನ್ನು ಹೆಚ್ಚಿಸುವ ಕೆಲಸ ಮಾತ್ರ ಸರ್ಕಾರದ್ದು. ಕಾಲೇಜಿನಲ್ಲಿ ಹೊಸ ವಿಭಾಗ ತೆರೆದಾಗಲೆಲ್ಲ ಹುಡುಗಿಯರ ನಿಲಯದಲ್ಲಿ ಅಷ್ಟು ಹಾಸಿಗೆಗಳನ್ನೂ ಹೆಚ್ಚಿಸಿ ಎಂದು ಕೇಳುವ ಹಕ್ಕು ನಮಗಿದೆ.

ನಮ್ಮ ಹಳ್ಳಿಗಳಿಂದ ಬರುವ ಮಕ್ಕಳಲ್ಲಿ ಬುದ್ಧಿಗೆ ಕೊರತೆಯಿಲ್ಲ, ದುಡಿಮೆಗೆ ಕೊರತೆಯಿಲ್ಲ. ಅವರು ಕೇಳುವುದು ಗಾಳಿ ಬೆಳಕಿರುವ ಒಂದು ಮೂಲೆ, ಒಂದು ದೀಪ, ಒಂದು ಕೊಡ ನೀರು. ಇಷ್ಟನ್ನು ಕೊಟ್ಟರೆ ಉಳಿದುದನ್ನು ಅವರು ತಾವೇ ಸಂಪಾದಿಸಿಕೊಳ್ಳುತ್ತಾರೆ.